ಮಿಲ್ಲಿಗೆ ಹೋಗುವ ಮೀನು

ಚಿಕ್ಕಮ್ಮನ ಮಂಡಿನೋವು ಜೋರಾಗಿದ್ದರಿಂದ ಸೆಪ್ಟೆಂಬರ್ ತಿಂಗಳ ಒಂದು ನಸುಕಿನಲ್ಲಿ ಬುಟ್ಟಿ ಹೊರಲು ನಾನೂ ಅವರ ಜೊತೆ ಉಡುಪಿ ಬಳಿಯ ಮಲ್ಪೆಯ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಗೆ ಹೋದೆ. ಏಲಂನಲ್ಲಿ ಮೀನು ತೆಗೆದುಕೊಂಡು ಮನೆಮನೆಗೆ ಮಾರುವುದು ಅವರು ಮದುವೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದ ಕೆಲಸ. ನಾನು ಮೀನು ತಿಂದು ಬೆಳೆದವಳು, ಅಷ್ಟೇ. ಆ ಹೊತ್ತಿನ ದಕ್ಕೆಯಲ್ಲಿ ಕಾಲಿಡಲು ಒಣ ಜಾಗ ಸಿಗುವುದಿಲ್ಲ. ಐಸ್ ಪುಡಿ ಮಾಡುವ ಯಂತ್ರದ ಸದ್ದು, ಕ್ರೇಟು ಎಳೆಯುವವರ ಕೂಗು, ಅದರ ನಡುವೆ ಹರಾಜು ಕೂಗುವವನ ದನಿ. ಚಿಕ್ಕಮ್ಮ ಮಾತ್ರ ಸ್ವಂತ ಅಂಗಳದಲ್ಲಿ ಓಡಾಡುವಂತೆ ಓಡಾಡುತ್ತಿದ್ದರು. "ನೀನು ಆ ಕಂಬದ ಹತ್ತಿರ ನಿಂತಿರು, ಬಂಗುಡೆ ಬೋಟು ಬರಲಿ" ಎಂದು ಹೇಳಿ ಗುಂಪಿನಲ್ಲಿ ಸೇರಿಹೋದರು.

ಕಂಬದ ಹತ್ತಿರ ಒಂದು ಟ್ರಾಲ್ ಬೋಟು, ಕಡಲ ತಳದಲ್ಲಿ ಬಲೆ ಎಳೆದುಕೊಂಡು ಹೋಗುವಂಥದ್ದು, ಮೀನು ಇಳಿಸುತ್ತಿತ್ತು. ಹತ್ತು ದಿನ ಆಳಸಮುದ್ರದಲ್ಲಿದ್ದು ಬಂದ ಬೋಟಂತೆ. ಮೊದಲು ಐಸಿನಲ್ಲಿ ಮುಚ್ಚಿದ ಕ್ರೇಟುಗಳು ಬಂದವು: ಅಂಜಲ್, ಬೊಂಡಾಸ್ (ಸ್ಕ್ವಿಡ್), ರಿಬ್ಬನ್ನಿನಂತೆ ಉದ್ದನೆಯ ದೊಡ್ಡ ಪಾಂಬೋಲು, ಒಂದಿಷ್ಟು ಸಿಗಡಿ. ಅವನ್ನು ಖಲಾಸಿಗಳು ಜೋಪಾನವಾಗಿ ಇಳಿಸಿದರು. ಆಮೇಲೆ ಬಂದದ್ದಕ್ಕೆ ಕ್ರೇಟೂ ಇಲ್ಲ, ಜೋಪಾನವೂ ಇಲ್ಲ. ಬೋಟಿನ ಹೊಟ್ಟೆಯಿಂದ ಸಲಿಕೆಯಲ್ಲಿ ಎತ್ತಿ ಎತ್ತಿ ನೆಲಕ್ಕೆ ಸುರಿದರು. ನೋಡುತ್ತಿದ್ದಂತೆಯೇ ನನ್ನ ಸೊಂಟದೆತ್ತರದ ರಾಶಿಯಾಯಿತು.

ಬೇರೆ ಕೆಲಸವಿರಲಿಲ್ಲವಾದ್ದರಿಂದ ಕುಳಿತು ನೋಡಿದೆ. ನನ್ನ ನಡುಬೆರಳಿನಷ್ಟುದ್ದದ ಬಂಗುಡೆಗಳು. ಹೊಟ್ಟೆ ಒಡೆದ ಮದ್ಮಲ್ ಎಂಬ ಕೆಂಪು ಮೀನಿನ ಮರಿಗಳು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ತೊರಕೆ. ಅದರ ಬಾಲದ ಮುಳ್ಳು ಇನ್ನೂ ಮೆತ್ತಗಿದ್ದಂತೆ ಕಂಡಿತು, ಮುಟ್ಟುವ ಧೈರ್ಯವಾಗಲಿಲ್ಲ. ಎರಡು ಕಡಲ ಹಾವುಗಳು, ಈಜಲು ಚಪ್ಪಟೆಯಾದ ಅವುಗಳ ಬಾಲ. ಒಂದು ಮರಿ ತಾಟೆ, ಅಂದರೆ ಶಾರ್ಕ್. ಮತ್ತೆ ಒಂದು ಕಡಲಕುದುರೆ. ಅದು ತನ್ನ ಬಾಲವನ್ನು ದಾರದಂಥ ಪಾಂಬೋಲು ಮರಿಯೊಂದಕ್ಕೆ ಸುತ್ತಿಕೊಂಡು ಹಾಗೆಯೇ ಸತ್ತಿತ್ತು. ಕಡಲ ತಳದಲ್ಲಿ ಹುಲ್ಲಿಗೋ ಹವಳಕ್ಕೋ ಬಾಲ ಸುತ್ತಿ ನಿಲ್ಲುವ ಜೀವಿ. ಬಲೆಯೊಳಗೆ ಸಿಕ್ಕಿದ್ದನ್ನೇ ಹಿಡಿದುಕೊಂಡಿರಬೇಕು. ಹೊಟ್ಟೆಯ ಕೆಳಗೆ ಚೀಲ ಉಬ್ಬಿತ್ತು, ಅಂದರೆ ಗಂಡು. ಕಡಲಕುದುರೆಗಳಲ್ಲಿ ಹೆಣ್ಣು ಮೊಟ್ಟೆಗಳನ್ನು ಗಂಡಿನ ಚೀಲಕ್ಕೆ ಹಾಕುತ್ತದೆ, ಬಸಿರು ಹೊರುವುದೂ ಹೆರುವುದೂ ಗಂಡೇ. 2001ರಲ್ಲಿ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿ ಇರುವುದೂ ಅಲ್ಲಿಯೇ. ಹುಲಿಯನ್ನು ಹೀಗೆ ಸಲಿಕೆಯಲ್ಲಿ ಎತ್ತಿ ಹಾಕಿದ್ದರೆ ದಕ್ಕೆ ಅಷ್ಟು ನೆಮ್ಮದಿಯಾಗಿ ಇರುತ್ತಿರಲಿಲ್ಲ.

ಸಲಿಕೆ ಹಿಡಿದ ಹುಡುಗನನ್ನು ಕೇಳಿದೆ, ಇದೆಲ್ಲ ಎಲ್ಲಿಗೆ? "ಮಿಲ್ಲಿಗೆ ಅಕ್ಕಾ" ಎಂದ. ಫಿಶ್‌ಮಿಲ್ ಎಂದರೆ ನಮ್ಮ ಕರಾವಳಿಯಲ್ಲಿ ವಿವರಿಸಬೇಕಾಗಿಲ್ಲ, ಗಾಳಿ ತಿರುಗಿದಾಗ ಮೂಗಿಗೇ ಗೊತ್ತಾಗುತ್ತದೆ. ಮೀನನ್ನು ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಉಳಿದದ್ದನ್ನು ಒಣಗಿಸಿ ಹುಡಿ ಮಾಡುತ್ತಾರೆ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಹುಡಿ ಹೋಗುವುದು ಸಿಗಡಿ ಕೆರೆಗಳಿಗೆ, ಮೀನು ಸಾಕುವಲ್ಲಿಗೆ, ಕೋಳಿ ಫಾರ್ಮಿಗೆ. ಬಂಗುಡೆ ಸಾರು ಉಣ್ಣಬೇಕಾದವರು ಮರಿ ಬಂಗುಡೆ ತಿಂದ ಕೋಳಿಯನ್ನು ತಿನ್ನುವ ಈ ಲೆಕ್ಕ ನನಗೆ ಇವತ್ತಿಗೂ ಹಿಡಿಸಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಮ್ಮಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುತ್ತವೆ, ಅವುಗಳನ್ನು ಬಿಟ್ಟುಬಿಡಬೇಕು ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಆಗಸ್ಟ್‌ನಲ್ಲಿ ಬೋಟು ಇಳಿದಾಗ ಬಲೆಗೆ ಎದುರಾಗುವುದು ಆ ಮಳೆಗಾಲದ ಮರಿಗಳೇ. ಎರಡು ತಿಂಗಳು ಕಾದಿದ್ದನ್ನು ಮೂರನೆಯ ತಿಂಗಳಲ್ಲಿ ಬಾಚಿಕೊಳ್ಳುವುದಾದರೆ ಕಾದದ್ದೇಕೆ? ಬಂಗುಡೆ, ಬೂತಾಯಿ (ಸಾರ್ಡೀನ್) ಬೇಗ ಬೆಳೆಯುವ ಮೀನುಗಳು. ಒಂದು ವರ್ಷ ತುಂಬುವ ಹೊತ್ತಿಗೆ ತಾವೇ ಮೊಟ್ಟೆಯಿಡುವಷ್ಟಾಗುತ್ತವೆ. ಅಷ್ಟು ಅವಕಾಶ ಕೊಟ್ಟರೆ ಸಾಕು.

ಚಿಕ್ಕಮ್ಮ ಇನ್ನೂ ಬಂದಿರಲಿಲ್ಲ. ಬೋಟು ನಡೆಸುವ ತಾಂಡೇಲ ದಕ್ಕೆಯ ಅಂಚಿನಲ್ಲಿ ಕುಳಿತು ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ನಮ್ಮ ಊರಿನ ಕಡೆಯವರೇ ಎಂದು ಗೊತ್ತಾದ ಮೇಲೆ ಮಾತಿಗೆ ಸಿಕ್ಕಿದರು. ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕಲ್ಲವೇ ಎಂದು ಕೇಳಿದೆ. ಅವರು ನಕ್ಕು ಬಲೆಯನ್ನು ಎರಡೂ ಕೈಯಲ್ಲಿ ಎಳೆದು ತೋರಿಸಿದರು. ಮಾಮೂಲಿ ಬಲೆಯ ಕಣ್ಣು ವಜ್ರಾಕೃತಿಯದು. ಎಳೆದಾಗ ಉದ್ದುದ್ದಕ್ಕೆ ಸೇರಿಕೊಂಡು ಕಣ್ಣೇ ಮುಚ್ಚಿಹೋಗುತ್ತದೆ. ಬೋಟು ಎಳೆಯುವಾಗ ಕಡಲ ತಳದಲ್ಲಿ ಆಗುವುದೂ ಅದೇ. ಬೆರಳು ತೂರದ ಸಂದಿಯಲ್ಲಿ ಮರಿ ಎಲ್ಲಿಂದ ತಪ್ಪಿಸಿಕೊಳ್ಳಬೇಕು? ಚೌಕ ಕಣ್ಣು ಎಷ್ಟು ಎಳೆದರೂ ತೆರೆದೇ ಇರುತ್ತದೆ. "ನಮಗೆ ಗೊತ್ತಿಲ್ಲವೆಂದಲ್ಲ" ಎಂದರು. "ನಾನೊಬ್ಬ ಆ ಬಲೆ ಹಾಕುತ್ತೇನೆ ಎಂದಿಟ್ಟುಕೊಳ್ಳಿ. ನನ್ನ ಬಲೆಯಿಂದ ಹೊರಗೆ ಹೋದ ಮರಿ ಹಿಂದೆ ಬರುವ ಬೋಟಿನ ಬಲೆಗೆ ಹೋಗುತ್ತದೆ. ಡೀಸೆಲ್ ಸಾಲ ಇಬ್ಬರಿಗೂ ಇದೆ."

ಹೋಗಲಿ, ಆ ರಾಶಿಗೆ ಎಷ್ಟು ಸಿಗುತ್ತದೆ ಎಂದೆ. ಕಿಲೋಗೆ 20-30 ರೂಪಾಯಿಯ ಆಸುಪಾಸು. ಅದರಲ್ಲಿ ಡೀಸೆಲಿನ ಒಂದು ಪಾಲು ಹುಟ್ಟುತ್ತದೆ. ಇನ್ನೊಂದು ಸಂಗತಿಯನ್ನು ಅವರು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು: ಇಲ್ಲಿ ಕಂಡದ್ದು ಕೊನೆಯ ಎರಡು-ಮೂರು ದಿನದ್ದು ಮಾತ್ರ. ಮೊದಲ ದಿನಗಳಲ್ಲಿ ಸಿಕ್ಕ ಸಣ್ಣ ಮೀನನ್ನು ಇಡಲು ಜಾಗವಿಲ್ಲ, ಐಸ್ ಹಾಕಿದರೆ ಗಿಟ್ಟುವುದಿಲ್ಲ. ಹಾಗಾಗಿ ಕಡಲಿಗೇ ಚೆಲ್ಲುತ್ತಾರೆ, ಸತ್ತ ಮೇಲೆ.

ಹೊನ್ನಾವರದ ಕಾಸರಕೋಡಿನಲ್ಲಿ ಕಡಲಾಮೆಯ ಮರಿಗಳು ನೀರಿಗೆ ಓಡುವಾಗ ನಾವೆಲ್ಲ ಮೊಬೈಲ್ ಹಿಡಿದು ನಿಲ್ಲುತ್ತೇವೆ. ಗೂಡಿಗೆ ಬಲೆಯ ಬೇಲಿ ಕಟ್ಟಿ ಕಾಯುವ ಅರಣ್ಯ ಇಲಾಖೆಯವರ, ಮೀನುಗಾರರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಕಡಲನ್ನು ಕಾಪಾಡುವುದೆಂದರೆ ಆಮೆ ಮತ್ತು ಡಾಲ್ಫಿನ್ ಎಂದುಕೊಂಡಿರುವವರು ಒಮ್ಮೆ ಈ ರಾಶಿಯ ಪಕ್ಕ ಕುಳಿತುಕೊಳ್ಳಬೇಕು. ಮರಿ ಮದ್ಮಲ್‌ನ ಫೋಟೊ ಯಾರೂ ತೆಗೆಯುವುದಿಲ್ಲ.

ಕೇರಳದವರು 2015ರಲ್ಲಿಯೇ ಒಂದು ಅಳತೆ ಗೊತ್ತು ಮಾಡಿದರು. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಹಿಡಿಯುವಂತಿಲ್ಲ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್ ಆಸುಪಾಸಿಗೆ ಕುಸಿಯಿತು. ಎಲ್ಲವನ್ನೂ ಬಲೆಯ ಮೇಲೆ ಹಾಕುವುದು ಸರಿಯಲ್ಲ, ಕಡಲಿನ ಬಿಸಿ ಏರಿಳಿದಂತೆ ಬೂತಾಯಿ ಹೆಚ್ಚುವುದು, ತಗ್ಗುವುದು ಹಿಂದಿನಿಂದಲೂ ಇದೆ. ಆದರೆ ಬಡವಾದ ವರ್ಷದಲ್ಲಿ ಮರಿಗಳನ್ನೂ ಮಿಲ್ಲಿಗೆ ಹಾಕಿದರೆ ಮುಂದಿನ ವರ್ಷ ಚೇತರಿಸಿಕೊಳ್ಳಲು ಏನು ಉಳಿಯುತ್ತದೆ?

ನನಗೆ ಅಲ್ಲಿ ಕುಳಿತಾಗ ಹೊಳೆದದ್ದು ಇಷ್ಟು. ಕಡಲಿನಲ್ಲಿ ಸಾವಿರಾರು ಬೋಟುಗಳ ಬಲೆಯ ಕಣ್ಣು ಅಳೆಯುವುದು ಯಾವ ಇಲಾಖೆಯ ಕೈಯಲ್ಲೂ ಆಗದ ಮಾತು. ಮಿಲ್ಲುಗಳು ಹಾಗಲ್ಲ, ಬೋಟುಗಳ ಮುಂದೆ ಅವು ತೀರಾ ಕಡಿಮೆ. ಪ್ರತಿಯೊಂದಕ್ಕೂ ಗೇಟಿದೆ, ತೂಕದ ಯಂತ್ರವಿದೆ, ಪುಸ್ತಕವಿದೆ. ಮರಿ ಮೀನನ್ನು ಕೊಳ್ಳುವುದನ್ನು ಆ ಗೇಟಿನಲ್ಲಿ ತಡೆದರೆ? ತಾಂಡೇಲರ ಮುಂದೆ ಇದನ್ನು ಹೇಳಿಯೂಬಿಟ್ಟೆ. ಆಗ ಪೂರ್ತಿ ಕಡಲಿಗೇ ಚೆಲ್ಲುತ್ತೇವೆ ಎನ್ನುತ್ತಾರೆಂದು ಕಾದಿದ್ದೆ. ಅವರು ಗಂಟು ಹಾಕುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು.

"ಒಂದೆರಡು ಟ್ರಿಪ್ ಚೆಲ್ಲಬಹುದು. ಆಮೇಲೆ ಯಾರು ಚೆಲ್ಲುತ್ತಾರೆ? ಬಲೆ ಎತ್ತಿದಾಗಲೆಲ್ಲ ಆ ರಾಶಿಯಿಂದ ಒಳ್ಳೆಯ ಮೀನು ಹೆಕ್ಕಲು ಹುಡುಗರ ನಿದ್ದೆ ಹೋಗುತ್ತದೆ. ದುಡ್ಡು ಹುಟ್ಟದಿದ್ದರೆ ಅದನ್ನು ಮೇಲೆ ಎಳೆಯುವ ಡೀಸೆಲೂ ದಂಡ. ದೊಡ್ಡ ಕಣ್ಣಿನ ಬಲೆಯನ್ನು ನಾವೇ ಹಾಕುತ್ತೇವೆ."

ಅಷ್ಟರಲ್ಲಿ ಚಿಕ್ಕಮ್ಮ ಎರಡು ಬುಟ್ಟಿ ಬಂಗುಡೆಯ ಬೆಲೆ ಮುಗಿಸಿ ಬಂದರು. ನಮ್ಮ ಮಾತಿನ ತುದಿ ಕೇಳಿಸಿಕೊಂಡು, ರಾಶಿಯಿಂದ ಒಂದು ಮರಿ ಎತ್ತಿ ತಾಂಡೇಲರ ಮುಂದೆ ಹಿಡಿದರು. "ಇಂಥದ್ದು ಕಿಲೋಗೆ ಎಷ್ಟು ಹಿಡಿಯುತ್ತದೆ ಎಂದು ಎಣಿಸಿದ್ದೀರಾ? ಇವೆಲ್ಲ ದೊಡ್ಡದಾಗಿ ಬಂದಿದ್ದರೆ ನಾನು ಈಗ ಆ ಹೆಂಗಸರ ಜೊತೆ ಎರಡು ಬುಟ್ಟಿಗೆ ಜಗಳವಾಡಬೇಕಿತ್ತಾ?"

"ದೊಡ್ಡದಾಗುವವರೆಗೆ ಬ್ಯಾಂಕಿನವರನ್ನು ನೀವು ಸಂಭಾಳಿಸುತ್ತೀರಾ ಅಮ್ಮ?"

"ಬ್ಯಾಂಕಿನವರಿಗೂ ಮೀನು ಮಾರುವವಳು ನಾನೇ" ಎಂದರು ಚಿಕ್ಕಮ್ಮ. ತಾಂಡೇಲರು ಜೋರಾಗಿ ನಕ್ಕರು. ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ, "ನೀವು ಹೇಳಿದ್ದನ್ನು ಎಲ್ಲ ಬೋಟಿನವರಿಗೂ ಒಂದೇ ದಿನ ಹೇಳಬೇಕು. ನನಗೊಬ್ಬನಿಗೆ ಹೇಳಬೇಡಿ" ಎಂದರು. ಲಾರಿ ಹಿಮ್ಮುಖವಾಗಿ ಬಂದು ನಿಂತಿತು. ಹುಡುಗರು ಸಲಿಕೆ ಎತ್ತಿಕೊಂಡರು, ನಾನು ಬುಟ್ಟಿ ಎತ್ತಿಕೊಂಡೆ.