ಸ್ಮಾರ್ಟ್ ಕ್ಲಾಸ್ ಬಂತು, ಬ್ಯಾಟರಿಗೆ ದುಡ್ಡು ಯಾರದು?

ಸರ್ಕಾರಿ ಶಾಲೆಗೆ ಕಂಪನಿಯವರು ಸ್ಮಾರ್ಟ್ ಕ್ಲಾಸ್ ಕೊಟ್ಟರೆ ಮೊದಲ ವರ್ಷ ಎಲ್ಲವೂ ಚಂದ. ಆಮೇಲೆ ಕೈಕೊಡುವುದು, ಕರೆಂಟ್ ಹೋದಾಗ ಅದರ ಟಿವಿ ನಡೆಸುವ ಇನ್ವರ್ಟರಿನ ಬ್ಯಾಟರಿ. ಬೇಸಿಗೆ ರಜೆಗೆ ಬೀಗ ಹಾಕುವಾಗ ಮೇನ್ ಆಫ್ ಮಾಡುತ್ತಾರೆ, ಇನ್ವರ್ಟರ್ ಆನ್ ಆಗಿಯೇ ಉಳಿಯುತ್ತದೆ. ಬ್ಯಾಟರಿ ಪೂರ್ತಿ ಇಳಿದು, ಪ್ಲೇಟುಗಳಿಗೆ ಸಲ್ಫೇಟ್ ಕಟ್ಟುತ್ತದೆ. ಜೂನ್‌ನಲ್ಲಿ ಚಾರ್ಜಿಗೆ ಹಾಕಿದರೆ ಹತ್ತು ನಿಮಿಷವೂ ನಿಲ್ಲುವುದಿಲ್ಲ.

150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದಕ್ಕೆ ಹದಿನೈದು ಸಾವಿರದ ಆಸುಪಾಸು. ಎರಡಿದ್ದರೆ ಲೆಕ್ಕ ನೀವೇ ಹಾಕಿ. 80 ಮಕ್ಕಳ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ಸೀಮೆಸುಣ್ಣ, ಫಿನಾಯಿಲು, ನಲ್ಲಿ ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ಬೋರ್‌ವೆಲ್‌ನ ಗಡಸು ನೀರಿಗೆ ಕಟ್ಟಿಕೊಳ್ಳುವ ಆರ್‌ಒ ಫಿಲ್ಟರಿನ ಮೆಂಬ್ರೇನಿನದೂ ಇದೇ ಪಾಡು.

ಶಾಲೆಗೆ ಕಂಪನಿ ಹಾಕುವ ದುಡ್ಡು ಧರ್ಮವಲ್ಲ, ಕಾನೂನು. ಕಂಪನಿ ಕಾಯ್ದೆ 2013ರ ಸೆಕ್ಷನ್ 135ರ ಪ್ರಕಾರ, ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಫೆಬ್ರವರಿಯಲ್ಲಿ ಅವಸರ ಶುರು. ಅವಸರದಲ್ಲಿ ಬೇಗ ಕೊಳ್ಳಬಹುದಾದದ್ದು, ಫೋಟೊದಲ್ಲಿ ಕಾಣುವಂಥದ್ದು: ಟಿವಿ, ಬೆಂಚು, ಬಣ್ಣ. ಶೌಚಾಲಯ ತೊಳೆಯುವವರ ಸಂಬಳದ ಫೋಟೊ ಯಾರೂ ತೆಗೆಯುವುದಿಲ್ಲ.

ಹಾಗಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮನವಿ ಕಂಪನಿಗೆ ಜೂನ್-ಜುಲೈನಲ್ಲೇ ಹೋಗಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ ಇರಲಿ. ಅದರಲ್ಲಿ 'ಟಿವಿ ಕೊಡಿ' ಎಂದಷ್ಟೇ ಬರೆದರೆ ಟಿವಿಯಷ್ಟೇ ಬರುತ್ತದೆ. ಸಿಎಸ್‌ಆರ್ ನಿಯಮದಲ್ಲಿ ಚಾಲ್ತಿ ಯೋಜನೆ ಎಂಬುದೊಂದಿದೆ: ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಆಯಾ ವರ್ಷ ಖರ್ಚಾಗದೆ ಉಳಿದ ಹಣವನ್ನು ಕಂಪನಿ ವರ್ಷಾಂತ್ಯದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿಟ್ಟರೆ ಸಾಕು. ಅಂದರೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಬ್ಯಾಟರಿ ಬದಲಾವಣೆ, ಶಿಕ್ಷಕರ ತರಬೇತಿ ಮೂರನ್ನೂ ಮೊದಲ ಅಂದಾಜಿನಲ್ಲೇ ಸೇರಿಸಲು ಅಡ್ಡಿಯಿಲ್ಲ. 'ದುಡ್ಡು ಮಾರ್ಚ್‌ಗೆ ಮುಗಿಯಬೇಕು ಸಾರ್' ಎಂದವರಿಗೆ ಇದನ್ನೇ ತೋರಿಸಿ.

ಹಸ್ತಾಂತರದ ದಿನ ಹಾರ-ಶಾಲಿನ ಗಡಿಬಿಡಿಯಲ್ಲಿ ವಾರಂಟಿ ಕಾರ್ಡು ಇನ್‌ಸ್ಟಾಲ್ ಮಾಡಿದ ಹುಡುಗನ ಬ್ಯಾಗಿನಲ್ಲೇ ಹೋಗಿಬಿಡುತ್ತದೆ. ಇಸಿದುಕೊಳ್ಳಿ. ಸೀರಿಯಲ್ ನಂಬರ್ ಸಮೇತ ದಾಸ್ತಾನು ವಹಿಗೆ ಅಂದೇ ಏರಿಸಿ, ಬಿಲ್ಲಿನ ನಕಲು ಅಂಟಿಸಿ. ವಾರಂಟಿ ಕೇಳಲು ಹೋದಾಗ ಅಂಗಡಿಯವನು ಮೊದಲು ಕೇಳುವುದು ಬಿಲ್ಲನ್ನೇ, ಮತ್ತು ಆ ಬಿಲ್ಲು ಇರುವುದು ಕಂಪನಿಯ ಹೆಸರಿನಲ್ಲಿ.