ಬ್ರಾಡ್‌ಫರ್ಡ್‌ನ ರಾತ್ರಿ ಪಾಳಿ

ಲೀಡ್ಸ್‌ನಿಂದ ಬ್ರಾಡ್‌ಫರ್ಡ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. 2024ರ ಅಕ್ಟೋಬರ್‌ನಲ್ಲಿ ಲೀಡ್ಸ್‌ನ ಮಗಳ ಮನೆಯಲ್ಲಿ ಮೂರು ವಾರ ಉಳಿದಿದ್ದಾಗ ನಾನು ಆ ಊರಿಗೆ ನಾಲ್ಕು ಸಲ ಹೋಗಿಬಂದೆ. ಮೊದಲ ಸಲ ಹೊರಟಾಗ ಅಳಿಯ ತಡೆದು, "ಅಲ್ಲೇನೈತ್ರಿ ಮಾವಾರ, ಯಾರ್ಕ್ ನೋಡಾಕ ಹೋಗ್ರಿ" ಎಂದಿದ್ದ. ಪ್ರವಾಸಿಗರ ಲೆಕ್ಕದಲ್ಲಿ ಅವನ ಮಾತು ಸರಿ. ಆದರೆ ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕುಳಿತು ಬಾಗಲಕೋಟೆಯ ಮುಳುಗಡೆ ಸಂತ್ರಸ್ತರ ಪರಿಹಾರದ ಹಣ ಖಾತೆಗೆ ಬರುವುದನ್ನೂ, ಬಂದಷ್ಟೇ ಬೇಗ ಕರಗುವುದನ್ನೂ ನೋಡಿದವನಿಗೆ ಕೋಟೆ ಮತ್ತು ಚರ್ಚುಗಳಿಗಿಂತ ಬ್ರಾಡ್‌ಫರ್ಡ್‌ನಂಥ ಊರಿನ ಮೇಲೆಯೇ ಹೆಚ್ಚು ಆಸೆ. ಎರಡು ದೂರದೇಶಗಳ ಬಡವರು, ಪಾಕಿಸ್ತಾನದವರೂ ಉಕ್ರೇನಿನವರೂ, ಅಲ್ಲಿನ ಉಣ್ಣೆ ಗಿರಣಿಗಳಲ್ಲಿ ದುಡಿಯಲು ಬಂದು ಅದೇ ಬೀದಿಗಳಲ್ಲಿ ನೆಲೆಸಿದ್ದರು ಎಂದು ಎಲ್ಲೋ ಓದಿದ್ದೆ. ಅದೇ ಊರು, ಅದೇ ಕೆಲಸ. ಎಪ್ಪತ್ತು ವರ್ಷಗಳ ನಂತರ ಇಬ್ಬರ ಖಾತೆಯಲ್ಲಿ ಉಳಿದಿರುವ ಶಿಲ್ಕು ಏಕೆ ಬೇರೆ ಬೇರೆ ಎಂಬುದು ನನ್ನನ್ನು ಎಳೆದ ಪ್ರಶ್ನೆ.

ಊರು ಬಟ್ಟಲಿನ ತಳದಲ್ಲಿದೆ. ರೈಲಿನಿಂದ ಇಳಿದವನು ಯಾವ ಕಡೆ ಹೊರಟರೂ ಏರು ಹತ್ತಬೇಕು. ಜೇನಿನ ಬಣ್ಣದ ಕಲ್ಲಿನ ಕಟ್ಟಡಗಳು, ಅವುಗಳ ನಡುವೆ 1873ರಲ್ಲಿ ತೆರೆದ ಪುರಭವನ, ಸ್ವಲ್ಪ ದೂರದಲ್ಲಿ 1867ರ ಉಣ್ಣೆ ವಿನಿಮಯ ಕೇಂದ್ರ. ಒಂದು ಕಾಲಕ್ಕೆ ಜಗತ್ತಿನ ಉಣ್ಣೆಯ ದರ ನಿಗದಿಯಾಗುತ್ತಿದ್ದ ಆ ಎತ್ತರದ ಸಭಾಂಗಣದಲ್ಲಿ ಈಗ ಪುಸ್ತಕದ ಅಂಗಡಿ ನಡೆಯುತ್ತದೆ. ಹತ್ತಿರದ ಬಡಾವಣೆಯ ಹೆಸರು ಲಿಟಲ್ ಜರ್ಮನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ವರ್ತಕರು ಕಟ್ಟಿಸಿದ ಗೋದಾಮುಗಳು ಅರಮನೆಗಳಂತೆ ಅಲ್ಲಿ ನಿಂತಿವೆ. ಬಂಡವಾಳ ಹಿಡಿದುಕೊಂಡು ಬಂದ ವಲಸಿಗರ ಗುರುತು ಕಲ್ಲಿನಲ್ಲಿ ಉಳಿಯುತ್ತದೆ, ಬರಿಗೈಯಲ್ಲಿ ಬಂದವರನ್ನು ಹುಡುಕಲು ಗುಡ್ಡ ಹತ್ತಬೇಕು ಎಂದುಕೊಳ್ಳುತ್ತ ಮ್ಯಾನಿಂಗ್‌ಹ್ಯಾಮ್ ಕಡೆಗೆ ನಡೆದೆ.

ಗುಡ್ಡದ ಮೇಲಿರುವುದು ಲಿಸ್ಟರ್ ಗಿರಣಿ. ಅದರ 249 ಅಡಿಯ ಹೊಗೆಗೊಳವೆ ಊರಿನ ಎಲ್ಲ ಮೂಲೆಗಳಿಂದಲೂ ಕಾಣುತ್ತದೆ. 1870ರ ದಶಕದಲ್ಲಿ ಎದ್ದ ಈ ರೇಷ್ಮೆ ಮತ್ತು ಮಖಮಲ್ಲಿನ ಕಾರ್ಖಾನೆಯಲ್ಲಿ ಉಚ್ಛ್ರಾಯದ ದಿನಗಳಲ್ಲಿ ಹನ್ನೊಂದು ಸಾವಿರ ಜನ ದುಡಿಯುತ್ತಿದ್ದರಂತೆ. 1890ರ ಕೊನೆಗೆ ಕೂಲಿ ಕಡಿತದ ವಿರುದ್ಧ ಇಲ್ಲಿ ನಡೆದ ಮುಷ್ಕರ ಸೋತಿತು, ಆ ಸೋಲಿನ ಬಿಸಿಯಲ್ಲಿಯೇ 1893ರಲ್ಲಿ ಇದೇ ಊರಿನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಿತು. 1992ರಲ್ಲಿ ಗಿರಣಿ ಮುಚ್ಚಿತು. ಈಗ ಅರ್ಧ ಭಾಗ ಸೊಗಸಾದ ಫ್ಲ್ಯಾಟುಗಳು. ಅದರ ನೆರಳಿನಲ್ಲಿಯೇ ಸಾಲುಮನೆಗಳ ಕಿರಿದಾದ ಬೀದಿಗಳು, ಬಟ್ಟೆ ಒಣಗಿಸಿದ ಹಗ್ಗಗಳು, ಮಿಠಾಯಿ ಅಂಗಡಿಗಳು, ಶಾಲೆ ಬಿಟ್ಟು ಬರುವ ಮಕ್ಕಳ ಗಲಾಟೆ.

ಅಲ್ಲಿಂದ ನಾನು ಹತ್ತಿದ ಟ್ಯಾಕ್ಸಿಯ ಚಾಲಕನಿಗೆ ಐವತ್ತೈದರ ಆಸುಪಾಸು. ನನ್ನ ಬಾಗಲಕೋಟೆಯ ದಖ್ಖನಿ ಮಾತು ಕೇಳಿ ಮೊದಲು ನಕ್ಕ, ಆಮೇಲೆ "ಭಾಯಿಸಾಹೇಬ್, ನಿಮ್ಮ ಉರ್ದು ನನ್ನದಕ್ಕಿಂತ ಕೆಟ್ಟದ್ದೇನಲ್ಲ" ಎಂದ. ಅವನ ಮನೆಮಾತು ಪಹಾಡಿ, ಊರು ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರ. ಬ್ರಾಡ್‌ಫರ್ಡ್‌ನ ಪಾಕಿಸ್ತಾನಿಗಳಲ್ಲಿ ಬಹುಪಾಲು ಜನರ ಮೂಲ ಆ ಸೀಮೆಯೇ. "ನಮ್ಮ ಹಳೆಯ ಮನೆ ಮಂಗಲಾ ಅಣೆಕಟ್ಟೆಯ ನೀರಿನೊಳಗಿದೆ" ಎಂದು ಅವನು ಹೇಳಿದಾಗ ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿದೆ. 1961ರಲ್ಲಿ ಆರಂಭವಾಗಿ 1967ರಲ್ಲಿ ಮುಗಿದ ಆ ಅಣೆಕಟ್ಟೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು. ಬೇಸಿಗೆಗೆ ಮುನ್ನ ನೀರು ಇಳಿದಾಗ ಹಳೆಯ ಮೀರ್‌ಪುರದ ದರ್ಗಾ ಮತ್ತು ದೇವಸ್ಥಾನಗಳು ಮೇಲೇಳುತ್ತವೆ, ಜನ ನೋಡಲು ಹೋಗುತ್ತಾರೆ. ನಾನು ನಮ್ಮ ಆಲಮಟ್ಟಿಯ ಹಿನ್ನೀರಿನ ಕಥೆ ಹೇಳಿದೆ, ನವನಗರದ ಸೆಕ್ಟರುಗಳ ಕಥೆ ಹೇಳಿದೆ. ಅವನು ಬಾಡಿಗೆಯ ಮೀಟರನ್ನು ನಿಲ್ಲಿಸಿ ಗಾಡಿಯನ್ನು ಪಕ್ಕಕ್ಕೆ ತಂದ.

ಮೀರ್‌ಪುರದವರು ಅಣೆಕಟ್ಟೆಯಿಂದಲೇ ಇಂಗ್ಲೆಂಡಿಗೆ ಬಂದರು ಎನ್ನುವುದು ಪೂರ್ತಿ ಸತ್ಯವಲ್ಲ. ಬ್ರಿಟಿಷರ ಹಡಗುಗಳಲ್ಲಿ ಕಲ್ಲಿದ್ದಲು ಸುರಿಯುವ ಕೆಲಸಕ್ಕೆ ಆ ಸೀಮೆಯ ಗಂಡಸರು ಅದಕ್ಕೂ ಬಹಳ ಮೊದಲೇ ಹೋಗುತ್ತಿದ್ದರು, ಹಾಗೆ ಹೋದವರಲ್ಲಿ ಕೆಲವರು ಬಂದರುಗಳಲ್ಲಿ ಇಳಿದು ಕಾರ್ಖಾನೆಗಳನ್ನು ಸೇರಿದ್ದರು. ಮುಳುಗಡೆ ಆ ಸಣ್ಣ ಕಾಲುದಾರಿಯನ್ನು ಹೆದ್ದಾರಿ ಮಾಡಿತು. 1962ರ ಜುಲೈನಲ್ಲಿ ಕಾಮನ್‌ವೆಲ್ತ್ ವಲಸೆ ಕಾಯ್ದೆ ಜಾರಿಯಾಗುವ ಮುನ್ನ ಬಾಗಿಲು ಮುಚ್ಚುವ ಭಯದಿಂದ ಧಾವಿಸಿದವರು ಒಂದಷ್ಟು, ಆಮೇಲೆ ಆ ಕಾಯ್ದೆ ಕೇಳುತ್ತಿದ್ದ ಕೆಲಸದ ವೋಚರ್, ಅಂದರೆ ಸರ್ಕಾರದ ಅನುಮತಿ ಚೀಟಿ, ಹಿಡಿದು ಬಂದವರು ಮತ್ತಷ್ಟು. ಚಾಲಕನ ತಂದೆ ವೋಚರಿನವರು. ಬಂದ ಮೂರನೆಯ ದಿನವೇ ಉಣ್ಣೆ ಬಾಚುವ ವಿಭಾಗದಲ್ಲಿ ರಾತ್ರಿ ಪಾಳಿ.

ಈ ರಾತ್ರಿ ಪಾಳಿಯ ಮರ್ಮ ನನಗೆ ಬಿಡಿಸಿದ್ದು ಎಕಲ್ಸ್‌ಹಿಲ್‌ನ ಮೂರ್‌ಸೈಡ್ ಗಿರಣಿಯಲ್ಲಿರುವ ಕೈಗಾರಿಕಾ ವಸ್ತುಸಂಗ್ರಹಾಲಯ. ಯುದ್ಧಾನಂತರ ಗಿರಣಿ ಮಾಲೀಕರು ದುಬಾರಿ ಹೊಸ ಯಂತ್ರಗಳನ್ನು ತರಿಸಿದರು. ಹಾಕಿದ ಹಣ ಬೇಗ ಹಿಂದಿರುಗಬೇಕಾದರೆ ಯಂತ್ರ ಇಪ್ಪತ್ತನಾಲ್ಕು ಗಂಟೆಯೂ ತಿರುಗಬೇಕು. ಕಾರ್ಖಾನೆಯ ಕಾಯ್ದೆ ಹೆಂಗಸರನ್ನು ರಾತ್ರಿ ದುಡಿಸಲು ಬಿಡುತ್ತಿರಲಿಲ್ಲ, ಸ್ಥಳೀಯ ಗಂಡಸರಿಗೆ ಇದಕ್ಕಿಂತ ಒಳ್ಳೆಯ ಕೆಲಸಗಳು ಸಿಗುತ್ತಿದ್ದವು. ಆ ತೆರವಾದ ಜಾಗಕ್ಕೆ ಮೀರ್‌ಪುರದವರು ಬಂದರು. ಇಳಿಯುತ್ತಿರುವ ಉದ್ಯಮವೊಂದನ್ನು ಇನ್ನೊಂದು ಹದಿನೈದು ವರ್ಷ ಎಳೆಯಲು ಹೂಡಿದ ಎತ್ತುಗಳು ಇವರು ಎಂದು ನನಗೆ ಅಲ್ಲಿ ಅನ್ನಿಸಿತು. ಬಂಡಿ ನಿಂತಾಗ ನೊಗ ಕಳಚಿ ಹೊಲದಲ್ಲಿಯೇ ಬಿಟ್ಟುಹೋದರು. ಎಪ್ಪತ್ತರ ದಶಕದ ಕೊನೆಗೆ ಗಿರಣಿಗಳು ಒಂದರ ಹಿಂದೆ ಒಂದರಂತೆ ಮುಚ್ಚುವಾಗ ನಲವತ್ತು ವಯಸ್ಸಿನ, ಇಂಗ್ಲಿಷ್ ಕಲಿಯಲು ಬಿಡುವಿಲ್ಲದೆ ದುಡಿದ ಗಂಡಸರ ಕೈಯಲ್ಲಿ ಬೇರೆ ಕಸುಬು ಇರಲಿಲ್ಲ. ರಾತ್ರಿ ಪಾಳಿಯಲ್ಲಿ ಜೊತೆಗೆ ಇದ್ದವರೆಲ್ಲ ತಮ್ಮ ಊರಿನವರೇ ಆಗಿದ್ದಾಗ ಇಂಗ್ಲಿಷಿನಲ್ಲಿ ಮಾತನಾಡುವುದಾದರೂ ಯಾರ ಜೊತೆ? ಆಮೇಲೆ ಟ್ಯಾಕ್ಸಿ, ಊಟದ ಪೊಟ್ಟಣದ ಅಂಗಡಿ, ಮೂಲೆಯ ಕಿರಾಣಿ.

ಆದರೆ ಮನೆಗಳು ಇದ್ದವು. ಹತ್ತು ಜನ ಸೇರಿ ತಿಂಗಳಿಗೊಮ್ಮೆ ಹಣ ಹಾಕಿ ಸರದಿಯ ಮೇಲೆ ಎತ್ತುವ ವ್ಯವಸ್ಥೆಗೆ ಅವರು 'ಕಮೇಟಿ' ಎನ್ನುತ್ತಾರೆ. ನಮ್ಮ ಕಡೆಯ ಭಿಶಿಯೇ ಅದು, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದ ಕಾಲದಲ್ಲಿ ಕಮೇಟಿಯ ದುಡ್ಡಿನಿಂದಲೇ ಯಾರಿಗೂ ಬೇಡವಾದ ಸಾಲುಮನೆಗಳನ್ನು ಕೊಂಡರು. ಇಂಗ್ಲೆಂಡಿನಲ್ಲಿ ಪಾಕಿಸ್ತಾನಿ ಮೂಲದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಇಂದಿಗೂ ಸ್ವಂತ ಮನೆಯಿದೆ. ಬಡವರಾಗಿದ್ದೂ ಮನೆಯೊಡೆಯರು ಎಂಬ ಈ ವಿಚಿತ್ರ ಸ್ಥಿತಿಯನ್ನು ಕಂಡು ನನ್ನ ಬ್ಯಾಂಕಿನ ಬುದ್ಧಿ ತುಸು ತಬ್ಬಿಬ್ಬಾಯಿತು. ಮನೆಯ ಬೆಲೆ ಏರದ ಬೀದಿಯಲ್ಲಿ ಮನೆಯೊಡೆತನ ಆಸ್ತಿಯಾಗುವುದಕ್ಕಿಂತ ಹೆಚ್ಚಾಗಿ ಗೂಟವಾಗುತ್ತದೆ. ಉಳಿದ ಹಣವೆಲ್ಲ ಮೀರ್‌ಪುರಕ್ಕೆ ಹೋಯಿತು. ಅಲ್ಲಿ ಮೂರು ಅಂತಸ್ತಿನ, ಬಣ್ಣದ ಗಾಜಿನ ಮನೆಗಳು ಎದ್ದಿವೆ, ಜನ ಅದನ್ನು ಲಿಟಲ್ ಇಂಗ್ಲೆಂಡ್ ಎನ್ನುತ್ತಾರೆ. ಚಾಲಕನ ತಂದೆ ಕಟ್ಟಿಸಿದ ಮನೆಯಲ್ಲಿ ಈಗ ಕಾವಲುಗಾರನ ಕುಟುಂಬ ಮಾತ್ರ ಇದೆ. "ಅಬ್ಬಾ ಪ್ರತಿ ವರ್ಷ ಮುಂದಿನ ವರ್ಷ ಹೋಗೋಣ ಎನ್ನುತ್ತಿದ್ದರು" ಎಂದ ಅವನು.

ಅವನೇ ನನ್ನನ್ನು ಲೆಗ್ರಾಮ್ಸ್ ಲೇನ್‌ನ ಉಕ್ರೇನಿಯನ್ ಕ್ಲಬ್ಬಿನ ಮುಂದೆ ಇಳಿಸಿದ. ಸುತ್ತಲಿನ ಮನೆಗಳಲ್ಲಿ ಹೆಚ್ಚಿನವು ಪಾಕಿಸ್ತಾನಿಗಳವು, ನಡುವೆ ನೀಲಿ ಹಳದಿ ಬಾವುಟ. ಒಳಗೆ ನನಗೆ ಚಹಾ ಕೊಟ್ಟು ಕೂರಿಸಿದ ಅಜ್ಜಿ ನಿವೃತ್ತ ಶಾಲಾ ಶಿಕ್ಷಕಿ, ಹುಟ್ಟಿದ್ದು ಬ್ರಾಡ್‌ಫರ್ಡ್‌ನಲ್ಲೇ, ಮಾತು ಅಪ್ಪಟ ಯಾರ್ಕ್‌ಶೈರಿನದು.

ಆಕೆಯ ತಂದೆ ಜರ್ಮನಿಯ ನಿರಾಶ್ರಿತರ ಶಿಬಿರದಿಂದ 1948ರಲ್ಲಿ ಬಂದವರು. ಯುದ್ಧದಲ್ಲಿ ನಾಜಿಗಳು ದುಡಿಮೆಗೆಂದು ಎಳೆದೊಯ್ದಿದ್ದ ಲಕ್ಷಾಂತರ ಜನರಲ್ಲಿ ಅವರೊಬ್ಬರು. ಸೋವಿಯೆತ್ ಆಳ್ವಿಕೆಗೆ ಮರಳಲು ಒಪ್ಪದೆ ಶಿಬಿರದಲ್ಲಿಯೇ ಉಳಿದಿದ್ದರು. ಕೆಲಸಗಾರರ ಕೊರತೆಯಿಂದ ಕಂಗೆಟ್ಟಿದ್ದ ಬ್ರಿಟಿಷ್ ಸರ್ಕಾರ ಅಂಥವರನ್ನು 'ಯುರೋಪಿಯನ್ ಸ್ವಯಂಪ್ರೇರಿತ ಕೆಲಸಗಾರರು' ಎಂಬ ಹೆಸರಿನಲ್ಲಿ 1947ರಿಂದ ಕರೆತಂದಿತು. ಹೆಸರಿನಲ್ಲಿದ್ದ ಸ್ವಪ್ರೇರಣೆ ಹಡಗು ಹತ್ತುವವರೆಗೆ ಮಾತ್ರ. ಇಳಿದ ಮೇಲೆ ಹೊಲ, ಗಣಿ ಅಥವಾ ಗಿರಣಿ ಎಂದು ಸರ್ಕಾರ ತೋರಿಸಿದ ಕಡೆ ದುಡಿಯಬೇಕು, ಕಾರ್ಮಿಕ ಸಚಿವಾಲಯದ ಅನುಮತಿಯಿಲ್ಲದೆ ಕೆಲಸ ಬದಲಿಸುವಂತಿಲ್ಲ. ಕೆಲಸ ಕಡಿಮೆಯಾದರೆ ಮೊದಲು ಮನೆಗೆ ಹೋಗಬೇಕಾದವರು ಇವರೇ ಎಂದು ಅನೇಕ ಗಿರಣಿಗಳಲ್ಲಿ ಕಾರ್ಮಿಕ ಸಂಘಗಳು ಮಾಲೀಕರ ಜೊತೆ ಕರಾರು ಮಾಡಿಕೊಂಡಿದ್ದವು. ಈ ಕಟ್ಟುಪಾಡು ಸಡಿಲವಾದದ್ದು 1951ರಲ್ಲಿ. ಹೀಗೆ ಆರಂಭ ನೋಡಿದರೆ ಉಕ್ರೇನಿನವರದ್ದೇ ಹೆಚ್ಚು ಬಿಗಿ. ಮೀರ್‌ಪುರದವನು ಕಾಮನ್‌ವೆಲ್ತ್ ಪ್ರಜೆಯಾಗಿ ಬಂದಿಳಿದ ದಿನವೇ ಮತದಾನದ ಹಕ್ಕು ಪಡೆದಿದ್ದ, ಉಕ್ರೇನಿನವನು ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕಾದ ಪರದೇಶಿ.

"ನನ್ನ ಅಪ್ಪನಿಗೆ ಹಣ ಕಳಿಸಲು ಊರೇ ಇರಲಿಲ್ಲ" ಎಂದು ಆಕೆ ಹೇಳಿದ ಒಂದು ವಾಕ್ಯವನ್ನು ನಾನು ಆ ಸಂಜೆ ಡೈರಿಯಲ್ಲಿ ಬರೆದುಕೊಂಡೆ. ಊರು ಇತ್ತು, ಅಲ್ಲಿ ತಾಯಿಯೂ ಇದ್ದಳು, ಆದರೆ ಬಹಳ ಕಾಲ ಪತ್ರ ಬರೆದರೂ ತಾಯಿಗೆ ಅಪಾಯ. ಮುಂದೆ ಬಿಗಿ ಸಡಿಲಿದಾಗ ಸುಂಕ ಮೊದಲೇ ಕಟ್ಟಿ ಗಂಟು ಕಳಿಸುತ್ತಿದ್ದರು; ಗಂಟಿನಲ್ಲಿ ಬ್ರಾಡ್‌ಫರ್ಡ್‌ನ ಉಣ್ಣೆಬಟ್ಟೆ, ಹೂವಿನ ಚಿತ್ತಾರದ ತಲೆವಸ್ತ್ರಗಳು. ಅಲ್ಲಿ ಅವನ್ನು ಮಾರಿದರೆ ತಿಂಗಳ ಖರ್ಚು ಕಳೆಯುತ್ತಿತ್ತಂತೆ. ಮಿಕ್ಕ ದುಡಿಮೆಯೆಲ್ಲ ಇಲ್ಲಿಯೇ ಬೇರು ಬಿಡಬೇಕಾಯಿತು. ಮನೆ ಕೊಂಡರು, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಬಾಡಿಗೆಗಿದ್ದು ಸಾಲ ತೀರಿಸಿದರು, ಕ್ಲಬ್ಬು ಕೊಂಡರು, ಚರ್ಚು ಕೊಂಡರು, ಶನಿವಾರದ ಶಾಲೆ ನಡೆಸಿದರು. ತಮ್ಮವರಲ್ಲಿ ಹೆಂಗಸರು ಕಡಿಮೆಯಿದ್ದುದರಿಂದ ಅನೇಕರು ಇಂಗ್ಲಿಷ್, ಇಟಾಲಿಯನ್ ಹೆಂಗಸರನ್ನು ಮದುವೆಯಾದರು. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಮಕ್ಕಳು ಶಾಲೆ ಮುಗಿಸಿದ್ದು ಅರವತ್ತರ ದಶಕದಲ್ಲಿ. ಆಗ ಗಿರಣಿ ಬಿಟ್ಟರೂ ಕಚೇರಿ, ಶಾಲೆ, ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಕೆಲಸ ಕಾಯುತ್ತಿತ್ತು. ಚಾಲಕ ಶಾಲೆ ಬಿಟ್ಟದ್ದು 1985ರ ಸುಮಾರಿಗೆ. ಅದೇ ವರ್ಷ ಮೀರ್‌ಪುರ ಸೀಮೆಯ ಮೊಹಮ್ಮದ್ ಅಜೀಬ್ ಬ್ರಾಡ್‌ಫರ್ಡ್‌ನ ಮಹಾಪೌರರಾದರು, ಬ್ರಿಟನ್ನಿನಲ್ಲಿ 'ಲಾರ್ಡ್ ಮೇಯರ್' ಪಟ್ಟಕ್ಕೇರಿದ ಮೊದಲ ಏಷ್ಯನ್; ಆದರೆ ಪಟ್ಟದ ಸರಪಳಿ ಕೊರಳಿಗೆ ಬಿದ್ದಾಗ ಊರಿನಲ್ಲಿ ಹುಡುಗರಿಗೆ ಕೆಲಸವಿರಲಿಲ್ಲ.

ಆಕೆ ತನ್ನ ಸಮುದಾಯದ ಶ್ರಮವನ್ನು ಹೊಗಳಿಕೊಂಡಳು, ಅದು ಸಹಜ. ಚಾಲಕನೂ ಹೊಗಳಿಕೊಂಡಿದ್ದ. ಶ್ರಮದಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ. ಗಿರಣಿಯ ಬಾಗಿಲಿಗೆ ಬಂದ ವರ್ಷ ಬೇರೆ, ಹಿಂದಿರುಗುವ ದಾರಿ ತೆರೆದಿತ್ತೋ ಮುಚ್ಚಿತ್ತೋ ಎಂಬುದು ಬೇರೆ. ಮೂರನೆಯದನ್ನು ಅಜ್ಜಿಯೇ ತಗ್ಗಿದ ದನಿಯಲ್ಲಿ ಹೇಳಿದಳು: ತನ್ನ ತಮ್ಮ ಉದ್ಯೋಗದ ಅರ್ಜಿ ಹಾಕುವಾಗ ಹೆಸರಿನ ಕೊನೆಯ ಎರಡು ಅಕ್ಷರ ಕತ್ತರಿಸಿದನಂತೆ, ಅಷ್ಟಕ್ಕೇ ಇಂಗ್ಲಿಷಿನವನಾದ. ಚರ್ಮವನ್ನು ಹಾಗೆ ಕತ್ತರಿಸಲಾಗದು. ಜನಗಣತಿಯ ಪಟ್ಟಿಯಲ್ಲಿ ಪಾಕಿಸ್ತಾನಿಗೆ ಪ್ರತ್ಯೇಕ ಚೌಕವಿದೆ, ಉಕ್ರೇನಿನವನಿಗಿಲ್ಲ. 2021ರಲ್ಲಿ ಬ್ರಾಡ್‌ಫರ್ಡ್ ಜಿಲ್ಲೆಯ ಸುಮಾರು 5,46,000 ಜನರಲ್ಲಿ ಶೇಕಡಾ 25.5 ಮಂದಿ ಆ ಚೌಕದಲ್ಲಿ ಗುರುತು ಹಾಕಿದರು. ಸರ್ಕಾರದ 2019ರ ಅಭಾವ ಸೂಚ್ಯಂಕದ ಪ್ರಕಾರ ಇಂಗ್ಲೆಂಡಿನ ಅತಿ ವಂಚಿತ ಜಿಲ್ಲೆಗಳಲ್ಲಿ ಬ್ರಾಡ್‌ಫರ್ಡ್ 13ನೆಯದು. ದೇಶದಲ್ಲಿ ದುಡಿಯುವ ವಯಸ್ಸಿನ ನಾಲ್ವರಲ್ಲಿ ಮೂವರಿಗೆ ಉದ್ಯೋಗವಿದ್ದರೆ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದವರಲ್ಲಿ ಐವರಲ್ಲಿ ಮೂವರಿಗೆ; ಹೊರಗೆ ದುಡಿಯದ ಹೆಂಗಸರ ಸಂಖ್ಯೆ ಇದರಲ್ಲಿ ದೊಡ್ಡ ಪಾಲು. ಒಬ್ಬರ ಬಡತನ ಪ್ರತಿ ಹತ್ತು ವರ್ಷಕ್ಕೊಮ್ಮೆ ಅಚ್ಚಾಗುತ್ತದೆ, ಇನ್ನೊಬ್ಬರ ಏಳಿಗೆಯೂ ಬೀಳೂ ಬಿಳಿಯರ ಒಟ್ಟು ಲೆಕ್ಕದಲ್ಲಿ ಕರಗಿಹೋಗುತ್ತದೆ.

ಕ್ಲಬ್ಬಿನಲ್ಲಿ ಈಗ ಹೊಸ ಮುಖಗಳಿವೆ. 2022ರ ರಷ್ಯಾ ದಾಳಿಯ ನಂತರ ಬ್ರಿಟನ್ ತೆರೆದ ಯೋಜನೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಉಕ್ರೇನಿಯನ್ನರು ಬಂದಿದ್ದಾರೆ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ವೀಸಾಗೆ ಶುಲ್ಕವಿಲ್ಲ, ಇಳಿದ ದಿನದಿಂದ ದುಡಿಯಬಹುದು, ಮನೆಯಲ್ಲಿ ಇಟ್ಟುಕೊಂಡವರಿಗೆ ಮೊದಲ ವರ್ಷ ಸರ್ಕಾರ ತಿಂಗಳಿಗೆ 350 ಪೌಂಡ್ ಕೊಟ್ಟಿತು. ಟ್ಯಾಕ್ಸಿ ಚಾಲಕನ ತಮ್ಮನ ಮಗ ಗೋದಾಮೊಂದರಲ್ಲಿ ಕೆಲಸ ಮಾಡುತ್ತಾನೆ. ಮೀರ್‌ಪುರದಲ್ಲಿರುವ ಹೆಂಡತಿಯನ್ನು ಕರೆತರಲು ಅವನ ವರಮಾನ ವರ್ಷಕ್ಕೆ 29,000 ಪೌಂಡ್ ಆಗಿರಬೇಕು. 2024ರ ಏಪ್ರಿಲ್‌ವರೆಗೆ ಆ ಮಿತಿ 18,600 ಇತ್ತು. ಅವನು ಹೆಚ್ಚುವರಿ ಪಾಳಿಗಳನ್ನು ಹುಡುಕುತ್ತಿದ್ದಾನೆ. ಉಕ್ರೇನಿನವರಿಗೆ ಸಿಕ್ಕಿದ್ದಕ್ಕೆ ಅಸೂಯೆಯಿಲ್ಲ, ತಮಗೆ ಸಿಗದಿರುವುದಕ್ಕೆ ಸಂಕಟವಿದೆ ಎಂದಿದ್ದ ಚಾಲಕ. ಅವನ ಮಗಳು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ಓದುತ್ತಿದ್ದಾಳೆಂದು ಇಳಿಯುವಾಗ ಹೇಳಿದ, ಅದನ್ನು ಹೇಳಲೆಂದೇ ಕಾದಿದ್ದವನಂತೆ.

ಕೊನೆಯ ಸಲ ಹೋದ ದಿನ ಕ್ಲಬ್ಬಿನಲ್ಲಿ ಪರಿಚಯವಾದ ಹೆಂಗಸು ಖಾರ್ಕಿವ್‌ನವಳು, ಅಲ್ಲಿ ಕಂಪನಿಯೊಂದರಲ್ಲಿ ಲೆಕ್ಕಾಧಿಕಾರಿಯಾಗಿದ್ದಳು. ಸಂಜೆ ಲೀಡ್ಸ್‌ಗೆ ಹೋಗುವ ರೈಲಿನಲ್ಲಿ ನನ್ನ ಎದುರೇ ಬಂದು ಕುಳಿತಳು. ಮೂರು ವರ್ಷದ ವೀಸಾ ಮುಗಿಯುವ ತಿಂಗಳು ಸಮೀಪಿಸಿತ್ತು, ಮುಂದಿನ ಹದಿನೆಂಟು ತಿಂಗಳ ವಿಸ್ತರಣೆಗೆ ಅರ್ಜಿ ಹಾಕುವ ಕಾಲ ಆಗ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಮನೆಮಾಲೀಕ ಒಂದು ವರ್ಷದ ಕರಾರಿಗೆ ಸಹಿ ಹಾಕಲು ಒಪ್ಪುತ್ತಿರಲಿಲ್ಲ. ಲೆಕ್ಕದ ಕೆಲಸಕ್ಕೆ ಇಲ್ಲಿನ ಪರೀಕ್ಷೆಗಳನ್ನು ಮತ್ತೆ ಬರೆಯಬೇಕು, ಅದಕ್ಕೆ ಎರಡು ವರ್ಷವಾದರೂ ಬೇಕು. ಫೋನಿನಲ್ಲಿ ಮಗನ ಚಿತ್ರ ತೋರಿಸಿದಳು. ಅವನ ಇಂಗ್ಲಿಷಿಗೆ ಆಗಲೇ ಯಾರ್ಕ್‌ಶೈರಿನ ರಾಗ ಬಂದಿದೆಯಂತೆ. ಲೀಡ್ಸ್ ನಿಲ್ದಾಣದಲ್ಲಿ ಎಲ್ಲರೂ ಮನೆಯ ಕಡೆಗೆ ಹೊರಟಿದ್ದರು. ಆಕೆ ಚೀಲದಿಂದ ಕೊರಳಿಗೆ ಹಾಕುವ ಗುರುತಿನ ಚೀಟಿ ತೆಗೆದು ಧರಿಸಿ, ಒಂಬತ್ತರಿಂದ ಐದರವರೆಗೆ ಕಚೇರಿಯೊಂದರ ಏಳು ಮಹಡಿಗಳ ನೆಲ ಒರೆಸಲು, ಜನ ಬರುತ್ತಿದ್ದ ದಿಕ್ಕಿಗೆ ಎದುರಾಗಿ ನಡೆದಳು.