ಮುಳ್ಳಯ್ಯನಗಿರಿಯ ಎತ್ತರದಲ್ಲಿ ವೈನ್

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. 1719ರಲ್ಲಿ ಮುಕ್ತ ಬಂದರೆಂದು ಘೋಷಿತವಾದ ಟ್ರಿಯೆಸ್ಟ್ ಆ ದೇಶದ ಕಾಫಿ ವ್ಯಾಪಾರದ ಹಳೆಯ ಹೆಬ್ಬಾಗಿಲು. ಅಲ್ಲಿನ ಖರೀದಿದಾರರೊಬ್ಬರು ಚಿಕ್ಕಮಗಳೂರಿನ ಅರೇಬಿಕಾ ಮಾದರಿಗಳನ್ನು ತಮ್ಮ ಮುಂದೆಯೇ ಕಪ್ಪಿಂಗ್ (ಕಾಫಿಯ ಕಂಪು, ರುಚಿಗಳ ಪರೀಕ್ಷೆ) ಮಾಡಿ ತೋರಿಸಬೇಕೆಂದು ಕರೆದಿದ್ದರಿಂದ, ಮಳೆಗಾಲದ ನಡುವೆ ತೋಟದಲ್ಲಿ ಹೆಚ್ಚು ಕೆಲಸವಿಲ್ಲದ ಹೊತ್ತು ನೋಡಿಕೊಂಡು ನಾನೂ ನೆರೆಯ ತೋಟದ ಹಿರಿಯರಾದ ಗೌಡರೂ ಹೊರಟೆವು. ಟಿಕೆಟ್ಟನ್ನು ಕರೆದವರೇ ಬಿಸಿನೆಸ್ ಕ್ಲಾಸಿನಲ್ಲಿ ಮಾಡಿಸಿ ಕಳುಹಿಸಿದ್ದರು. ಬೇಲೂರು, ಹಾಸನ, ನೆಲಮಂಗಲದ ದಾರಿಯಾಗಿ ದೇವನಹಳ್ಳಿ ತಲುಪುವವರೆಗೆ ಮಳೆ ನಮ್ಮ ಜೊತೆಗೇ ಇತ್ತು ಎಂಬುದನ್ನು ಬಿಟ್ಟರೆ ಆ ಹಾದಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ವಿಮಾನ ಏರಿದ ಕೂಡಲೇ, ಬಾಗಿಲು ಹಾಕುವುದಕ್ಕೂ ಮೊದಲು, ಶಾಂಪೇನ್ ಬಂತು. ನಿಂಬೆ ಸಿಪ್ಪೆಯ ಕಂಪು, ಹುರಿದ ಬ್ರೆಡ್ಡಿನ ವಾಸನೆ, ಕೊನೆಯಲ್ಲಿ ನಾಲಿಗೆಯನ್ನು ಚುರುಕುಗೊಳಿಸುವ ಹುಳಿ, ಎಲ್ಲವೂ ಇದ್ದ ಒಳ್ಳೆಯ ಶಾಂಪೇನ್ ಅದು. ಸುಮಾರು ಎರಡು ಗಂಟೆಯ ನಂತರ ಊಟದ ಜೊತೆಗೆ ಅದೇ ಬಾಟಲಿಯ ಶಾಂಪೇನನ್ನು ಮತ್ತೆ ಕೇಳಿ ತರಿಸಿಕೊಂಡೆ. ನೊರೆ ಬೇಗನೆ ಎದ್ದು ಬೇಗನೆ ಇಳಿಯಿತು. ಬ್ರೆಡ್ಡಿನ ವಾಸನೆ ಇರಲಿಲ್ಲ, ನಿಂಬೆಯೂ ಮಂಕಾಗಿತ್ತು, ಹುಳಿಯೊಂದೇ ಮುಂದೆ ಬಂದು ನಿಂತಿತ್ತು. ಆಮೇಲೆ ತೆಗೆದುಕೊಂಡದ್ದು ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ ಪ್ರಾಂತ್ಯದ ಫ್ರಿಯುಲಾನೊ ಎಂಬ ಬಿಳಿ ವೈನ್. ನಾವು ಹೋಗುತ್ತಿದ್ದದ್ದೇ ಆ ಸೀಮೆಗೆ ಎಂಬ ಕಾರಣಕ್ಕೆ ಅದನ್ನು ಆರಿಸಿದೆ. ಅದರಲ್ಲಿ ಹುಳಿ ಮತ್ತು ಆಲ್ಕೋಹಾಲಿನ ಉರಿಯ ಹೊರತು ನನಗೆ ಏನೂ ಸಿಗಲಿಲ್ಲ. ಗೌಡರು ಫ್ರಾನ್ಸಿನ ಬೋರ್ಡೊ ಸೀಮೆಯ ಕೆಂಪು ವೈನನ್ನು ಒಂದು ಗುಟುಕು ಕುಡಿದು ಗ್ಲಾಸನ್ನು ದೂರ ಸರಿಸಿದರು.

"ಇದೇನು ಮಾರಾಯ, ಹಸಿ ಅಡಿಕೆ ಜಗಿದ ಹಾಗಿದೆ," ಎಂದರು.

ಹೋಲಿಕೆ ಸರಿಯಾಗಿಯೇ ಇತ್ತು. ಅಡಿಕೆಯ ಒಗರಿಗೂ ಕೆಂಪು ವೈನಿನ ಒಗರಿಗೂ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ ಹಾಗೂ ಪೀಪಾಯಿಯ ಮರದಿಂದ ಬರುವ ಈ ಒಗರನ್ನು ನೆಲದ ಮೇಲೆ ಹಣ್ಣಿನ ಸಿಹಿ ಮತ್ತು ಕಂಪು ಸುತ್ತುವರಿದು ಮೆತ್ತಗಾಗಿಸುತ್ತವೆ. ಆ ಎರಡೂ ಹಿಂದೆ ಸರಿದರೆ ಉಳಿಯುವುದು ಒಗರು ಮಾತ್ರ.

ಇದಕ್ಕೆಲ್ಲ ಎತ್ತರವೇ ಕಾರಣ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ವಿಮಾನ 35,000 ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ಬೋಯಿಂಗ್ 787ರಲ್ಲಿ ಅದು 6,000 ಅಡಿಯನ್ನು ಮೀರುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಎಂದರೆ 6,300 ಅಡಿಗೂ ತುಸು ಹೆಚ್ಚು. ಆ ಗಿರಿಯ ನೆತ್ತಿಯ ಮೇಲೆ ಫ್ಲಾಸ್ಕಿನಿಂದ ಬಗ್ಗಿಸಿ ಕುಡಿದ ಕಾಫಿಯ ಘಮ ಕಡಿಮೆಯಾಯಿತೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ಒತ್ತಡ ಕಡಿಮೆಯಾದಾಗ ಮೂಗಿಗೆ ತಲುಪುವ ವಾಸನೆಯೂ ಸ್ವಲ್ಪ ಕುಗ್ಗುತ್ತದೆ ಎಂಬುದು ನಿಜವೇ ಆದರೂ, ಗಿರಿಗೂ ವಿಮಾನಕ್ಕೂ ಇರುವ ದೊಡ್ಡ ವ್ಯತ್ಯಾಸ ತೇವದ್ದು. ಮಳೆಗಾಲದ ಗಿರಿಯಲ್ಲಿ ಗಾಳಿಯ ತೇವಾಂಶ ಶೇಕಡ 90ನ್ನು ದಾಟುತ್ತದೆ. ವಿಮಾನದೊಳಗೆ ಅದು ಶೇಕಡ 20ಕ್ಕಿಂತ ಕೆಳಗಿರುತ್ತದೆ, ಎಷ್ಟೋ ಸಲ ಶೇಕಡ 10ರ ಹತ್ತಿರಕ್ಕೂ ಇಳಿಯುತ್ತದೆ. ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ಅದನ್ನು ಎಂಜಿನ್ನಿನ ಮೂಲಕ ಎಳೆದು ಒತ್ತಿ ಒಳಗೆ ಬಿಟ್ಟಾಗ ಒಣಗಾಳಿಯೇ ಬರುತ್ತದೆ. ಮೂಗಿನ ಒಳಪದರ ಒಣಗಿದರೆ ವಾಸನೆ ಹಿಡಿಯುವ ಶಕ್ತಿ ಕುಂದುತ್ತದೆ. ವಾಸನೆಯಿಲ್ಲದ ವೈನಿನಲ್ಲಿ ಹುಳಿ, ಒಗರು ಮತ್ತು ಉರಿಗಳನ್ನು ಬಿಟ್ಟು ಬೇರೇನಿದೆ?

ಜರ್ಮನಿಯ ಹೋಲ್ಜ್‌ಕಿರ್ಷೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 2010ರ ಸುಮಾರಿನಲ್ಲಿ ಲುಫ್ತಾನ್ಸಾ ವಿಮಾನ ಸಂಸ್ಥೆಗಾಗಿ ಇದನ್ನು ಪರೀಕ್ಷಿಸಿತ್ತು. ಹಳೆಯ ಏರ್‌ಬಸ್ ವಿಮಾನವೊಂದರ ತುಂಡನ್ನು ಒತ್ತಡ ಇಳಿಸಬಲ್ಲ ಕೋಣೆಯೊಳಗಿಟ್ಟು, ಹಾರಾಟದ ಶುಷ್ಕತೆ, ಸದ್ದು ಎಲ್ಲವನ್ನೂ ಸೃಷ್ಟಿಸಿ, ಜನರಿಗೆ ಊಟ ಕೊಟ್ಟು ನೋಡಿದರು. ಉಪ್ಪು ಮತ್ತು ಸಿಹಿ ಎರಡೂ ಗಣನೀಯವಾಗಿ ಮಂಕಾದವು. ಸದ್ದಿನ ಪಾಲನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ಬೇರೆಯಾಗಿ ಅಳೆದರು: ಸುಮಾರು 85 ಡೆಸಿಬೆಲ್ ಸದ್ದಿನಲ್ಲಿ ಸಿಹಿಯ ಅನುಭವ ಕುಗ್ಗುತ್ತದೆ, ಟೊಮ್ಯಾಟೊ, ಅಣಬೆಗಳಲ್ಲಿರುವ ಉಮಾಮಿ ರುಚಿ ಮಾತ್ರ ಹೆಚ್ಚುತ್ತದೆ. ನೆಲದ ಮೇಲೆ ಟೊಮ್ಯಾಟೊ ಜ್ಯೂಸ್ ಮುಟ್ಟದವರೂ ವಿಮಾನದಲ್ಲಿ ಅದನ್ನೇ ಕೇಳುವುದೇಕೆ ಎಂಬುದಕ್ಕೆ ಇದು ಒಂದು ಉತ್ತರ. ನಮ್ಮ ಹಿಂದಿನ ಸಾಲಿನಲ್ಲೇ ಇಬ್ಬರು ಅದನ್ನು ಕುಡಿಯುತ್ತಿದ್ದರು.

ಇನ್ನು ಗ್ಲಾಸಿನ ವಿಷಯ. ಕಪ್ಪಿಂಗ್ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಬಟ್ಟಲುಗಳೆಲ್ಲ ಒಂದೇ ಅಳತೆಯವಿರಬೇಕು, ನೀರು 93 ಡಿಗ್ರಿಯ ಆಸುಪಾಸಿನಲ್ಲಿರಬೇಕು, ನಾಲ್ಕು ನಿಮಿಷಕ್ಕೆ ಮೇಲಿನ ಪದರ ಒಡೆದು ಮೂಗನ್ನು ಬಟ್ಟಲಿಗೇ ಇಳಿಸಬೇಕು ಎಂಬ ಶಿಸ್ತನ್ನು. ವಿಮಾನದ ಗ್ಲಾಸು ಟ್ರಾಲಿಯ ಗೂಡಿನಲ್ಲಿ ಕೂರಬೇಕು, ಕುಲುಕಾಟಕ್ಕೆ ಉರುಳಬಾರದು, ಒಡೆಯಬಾರದು. ಹಾಗಾಗಿ ಗಿಡ್ಡ, ದಪ್ಪ ಮತ್ತು ಕಿರಿದು. ವೈನನ್ನು ಅಲ್ಲಾಡಿಸಿ ಕಂಪನ್ನು ಮೇಲೆತ್ತಲು ಅದರಲ್ಲಿ ಜಾಗವೇ ಇಲ್ಲ, ಮೂಗು ಇಳಿಸಲು ಬಾಯಿಯೂ ಸಾಲದು. ಜೊತೆಗೆ ನಮ್ಮ ಕೆಂಪು ವೈನು ತಣ್ಣನೆಯ ಗೂಡಿನಿಂದ ನೇರವಾಗಿ ಬಂದಿತ್ತು. ತಂಪು ಹೆಚ್ಚಾದಷ್ಟೂ ಕಂಪು ಅಡಗುತ್ತದೆ, ಒಗರು ಏಳುತ್ತದೆ. ಗೌಡರು ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು ಅರ್ಧ ಗಂಟೆ ಕೂತರು. ಆಮೇಲೆ ಅದು ಕುಡಿಯುವಂತಾಯಿತು, ಒಳ್ಳೆಯದಾಯಿತೆಂದು ಹೇಳಲಾರೆ. ಪಟ್ಟಿಯಲ್ಲಿ ಕೊನೆಗಿದ್ದ, ಬೋರ್ಡೊಗಿಂತ ಅಗ್ಗದ್ದೇ ಇರಬೇಕಾದ ಅರ್ಜೆಂಟೀನಾದ ಮಾಲ್ಬೆಕ್ ಮಾತ್ರ ಯಾವ ಉಪಚಾರವೂ ಇಲ್ಲದೆ ನೇರಳೆ ಹಣ್ಣಿನ ದಟ್ಟ ರುಚಿ ಕೊಟ್ಟಿತು. ಬಿಸಿಲಿನಲ್ಲಿ ಚೆನ್ನಾಗಿ ಮಾಗಿದ, ಒಗರು ಮೆತ್ತಗಿರುವ, ಹಣ್ಣಿನ ಅಂಶ ತುಂಬಿದ ವೈನುಗಳು ಮೇಲೆ ತಡೆದುಕೊಳ್ಳುತ್ತವೆ. ನವಿರಾದ, ಮೆಲ್ಲಗೆ ಬಿಚ್ಚಿಕೊಳ್ಳುವ, ಹೆಸರುವಾಸಿಯಾದ ವೈನುಗಳೇ ಹೆಚ್ಚು ಕಳೆದುಕೊಳ್ಳುತ್ತವೆ.

ವೆನಿಸ್‌ನಲ್ಲಿ ಇಳಿದು ಎರಡು ಗಂಟೆ ರೈಲಿನಲ್ಲಿ ಕೂತರೆ ಟ್ರಿಯೆಸ್ಟ್. ಕಪ್ಪಿಂಗ್ ಕೆಲಸ ಮುಗಿದ ಸಂಜೆ, ಮೆನುವಿನಿಂದ ಬರೆದುಕೊಂಡಿದ್ದ ಹೆಸರನ್ನು ತೋರಿಸಿ ಅದೇ ಫ್ರಿಯುಲಾನೊ ಬಾಟಲಿಯನ್ನು ಅಂಗಡಿಯೊಂದರಲ್ಲಿ ಹುಡುಕಿಸಿದೆ. ವರ್ಷವೂ ಅದೇ. ಸಮುದ್ರದ ತೇವದ ಗಾಳಿಯಲ್ಲಿ, ತೆಳುವಾದ ಅಗಲ ಬಾಯಿಯ ಗ್ಲಾಸಿನಲ್ಲಿ ಅದನ್ನು ಸುರಿದಾಗ ಮೊದಲು ಪೇರ್ ಹಣ್ಣು, ಆಮೇಲೆ ಒಣ ಹುಲ್ಲು, ಕಟ್ಟಕಡೆಗೆ ಆ ದ್ರಾಕ್ಷಿಯ ಗುರುತೇ ಆದ ಕಹಿ ಬಾದಾಮಿಯ ಛಾಯೆ ಸ್ಪಷ್ಟವಾಗಿ ಬಂದವು. ವಿಮಾನದಲ್ಲಿ ನಾನು ಕುಡಿದದ್ದು ಕೆಟ್ಟ ವೈನಲ್ಲ, ಅಲ್ಲಿಗೆ ಹೊಂದದ ವೈನ್ ಎಂಬುದು ಆಗ ನನಗೆ ಖಾತ್ರಿಯಾಯಿತು. ಮರುದಿನ ಊರ ಹಿಂದಿನ ಕಾರ್ಸೊ ಪ್ರಸ್ಥಭೂಮಿಗೆ ಹೋಗಿ, ಜಗತ್ತಿಗೆಲ್ಲ ಪರಿಚಿತವಾದ ಗುಳ್ಳೆ ವೈನಿಗೆ ಹೆಸರು ಕೊಟ್ಟ ಪ್ರೊಸೆಕ್ಕೊ ಎಂಬ ಪುಟ್ಟ ಹಳ್ಳಿಯನ್ನೂ ನೋಡಿ, ರೈತರ ಮನೆಯಂಗಳದಲ್ಲಿ ಕೆಮ್ಮಣ್ಣಿನ ತೆರ್ರಾನೊ ಕುಡಿದೆವು. ತೀರ ಹುಳಿ ವೈನ್ ಅದು. ಹಂದಿಮಾಂಸದ ಜೊತೆಗೆ ಗೌಡರಿಗೆ ಬಹಳ ಹಿಡಿಸಿತು. ಅದನ್ನು ಯಾರಾದರೂ ವಿಮಾನಕ್ಕೆ ಹತ್ತಿಸಿದರೆ ಪ್ರಯಾಣಿಕರ ಶಾಪ ತಟ್ಟದೆ ಇರದು.

ವಿಮಾನ ಸಂಸ್ಥೆಗಳು ಈ ವಿಷಯಕ್ಕೆ ಹಣ ಸುರಿಯುವುದಿಲ್ಲವೆಂದು ಹೇಳಲಾಗದು. ಎಮಿರೇಟ್ಸ್ ಬೋರ್ಡೊ ವೈನುಗಳನ್ನು ಬಾಟಲಿಗೆ ತುಂಬುವ ಮೊದಲೇ ಕೊಂಡು, ಫ್ರಾನ್ಸಿನ ಬರ್ಗಂಡಿಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮಾಗಿಸಿಡುತ್ತದೆ. ಸಿಂಗಪುರ್ ಏರ್‌ಲೈನ್ಸ್ ಆಯ್ಕೆಗೆ ಪರಿಣತರ ಮಂಡಳಿಯನ್ನೇ ಇಟ್ಟುಕೊಂಡಿದೆ. ಲುಫ್ತಾನ್ಸಾಗೆ ಸಲಹೆ ನೀಡುತ್ತ ಬಂದ ಮಾರ್ಕುಸ್ ಡೆಲ್ ಮೊನೆಗೊ 1998ರ ವಿಶ್ವ ಸೊಮೆಲಿಯೆ (ವೈನ್ ಬಡಿಸುವ ಪರಿಣತ) ಚಾಂಪಿಯನ್. ಬಿಸಿನೆಸ್ ಟ್ರಾವೆಲರ್ ಪತ್ರಿಕೆ 1985ರಿಂದ ವಿಮಾನಗಳ ವೈನುಗಳಿಗೆಂದೇ ಪ್ರಶಸ್ತಿ ಕೊಡುತ್ತಿದೆ. ಆದರೆ ಆ ತೀರ್ಪುಗಾರರು ಲೇಬಲ್ ಮುಚ್ಚಿ ರುಚಿ ನೋಡುವುದು ನೆಲದ ಮೇಲೆ ಕುಳಿತು. ಫಿಲ್ಟರಿಗೆಂದು ಚಿಕೋರಿ ಬೆರೆಸುವ ಕಾಫಿಯನ್ನು ಎಸ್‌ಪ್ರೆಸೊ ಯಂತ್ರದಲ್ಲಿ ಇಳಿಸಿ ಅಂಕ ಕೊಡುವುದನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಪ್ರಥಮ ದರ್ಜೆಯ ಪಟ್ಟಿಗಳಲ್ಲಿ ಕ್ರೂಗ್, ದೊಂ ಪೆರಿನ್ಯೋನ್ ಎಂಬ ದುಬಾರಿ ಶಾಂಪೇನುಗಳ ಹೆಸರುಗಳು ಇರುವುದು ಪ್ರಯಾಣಿಕರು ಅವನ್ನು ಓದಿ ಸಂತೋಷಪಡಲಿ ಎಂಬುದಕ್ಕೂ ಹೌದು. ಅದನ್ನು ನಾನು ವಂಚನೆ ಎನ್ನಲಾರೆ, ಆದರೆ ಅಂಥ ಬಾಟಲಿಯನ್ನು ಚೆನ್ನಾಗಿ ಸವಿಯಬೇಕೆಂದರೆ ವಿಮಾನ ನೆಲ ಬಿಡುವ ಮೊದಲೇ ಕುಡಿದು ಮುಗಿಸುವುದು ವಾಸಿ.

ಹಿಂತಿರುಗುವಾಗ ಸಿಕ್ಕಿದ್ದು 787. ಅದರ ಒಡಲು ಕಾರ್ಬನ್ ಫೈಬರಿನದಾದ್ದರಿಂದ ಹೆಚ್ಚಿನ ಒತ್ತಡವನ್ನು ತಾಳುತ್ತದೆ, ತುಕ್ಕಿನ ಭಯವಿಲ್ಲದ್ದರಿಂದ ಗಾಳಿಯಲ್ಲಿ ತುಸು ಹೆಚ್ಚು ತೇವವನ್ನೂ ಉಳಿಸಿಕೊಳ್ಳಬಹುದು. ಈ ಸಲ ಲೆಕ್ಕ ಹಾಕಿಯೇ ಆರಿಸಿದೆ: ಬೋರ್ಡೊ ಬಿಟ್ಟು ಆಸ್ಟ್ರೇಲಿಯಾದ ಶಿರಾಜ್, ಊಟಕ್ಕೆ ಮೊದಲೇ ತರಿಸಿ ಬೆಚ್ಚಗಾಗಲು ಬಿಟ್ಟು, ಪ್ರತಿ ಗ್ಲಾಸಿಗೂ ಅಷ್ಟೇ ನೀರು ಕುಡಿದು, ಒದ್ದೆ ಮಾಡಿದ ಬಿಸಿ ಟವೆಲನ್ನು ಒಮ್ಮೆ ಮೂಗಿಗೆ ಹಿಡಿದು ಆಮೇಲೆ ಗುಟುಕು. ವೈನ್ ಚೆನ್ನಾಗಿತ್ತು. ವಿಮಾನದಿಂದಲೋ ಟವೆಲಿನಿಂದಲೋ ಬೇರ್ಪಡಿಸಿ ಹೇಳುವುದು ಕಷ್ಟ. ಟವೆಲ್ ನೋಡಿದ ಗಗನಸಖಿ ನನಗೆ ನೆಗಡಿಯೆಂದು ತಿಳಿದು ಬಿಸಿನೀರು ತಂದುಕೊಟ್ಟಳು.

ಪಟ್ಟಿಯಲ್ಲಿ ಐದಾರು ದೇಶಗಳ ವೈನಿದ್ದರೂ ನಾವು ಇಳಿಯಲಿದ್ದ ನಾಡಿನದು ಒಂದೂ ಇರಲಿಲ್ಲ. ದೇಶದೊಳಗಿನ ಹಾರಾಟಗಳಲ್ಲಿ ಮದ್ಯವನ್ನೇ ಕೊಡುವುದಿಲ್ಲವಾದ್ದರಿಂದ ಅಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಹೊರದೇಶದ ಹಾರಾಟಗಳಲ್ಲಿ ಏಳಬೇಕು. ದೇವನಹಳ್ಳಿ ನಿಲ್ದಾಣದಿಂದ ದೂರವೇನಲ್ಲದ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಸೀಮೆಯಲ್ಲಿ, ಬೋರ್ಡೊದ ವೈನ್ ತಜ್ಞ ಮಿಶೆಲ್ ರೋಲಾನ್ ಅವರ ಸಲಹೆ ಪಡೆದು ಗ್ರೋವರ್ ಸಂಸ್ಥೆ ತಯಾರಿಸುತ್ತ ಬಂದ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳನ್ನು ಬೆರೆಸಿದ ಮಾಗಿದ ಹಣ್ಣಿನ ಕೆಂಪು ವೈನ್. ಆಕಾಶಕ್ಕೆ ಬೇಕಾದ ಗುಣಗಳು ಅದರಲ್ಲಿವೆ ಎಂದು ನನ್ನ ಎಣಿಕೆ. ಇಳಿಯುವ ಮೊದಲು ಕೊಟ್ಟ ಅಭಿಪ್ರಾಯದ ಚೀಟಿಯಲ್ಲಿ ಇದನ್ನೆಲ್ಲ ಬರೆಯುತ್ತಿದ್ದಾಗ ಗೌಡರು ಕನ್ನಡಕ ಏರಿಸಿಕೊಂಡು ಬಗ್ಗಿ ಓದಿದರು.

"ನಂದಿ ವೈನ್ ಆಮೇಲೆ ಬರೆಯುವಿಯಂತೆ ಮಾರಾಯ, ಮೊದಲು ಆ ಗ್ಲಾಸ್ ಬದಲಾಯಿಸಲಿ ಅಂತ ಹಾಕು."

"ಜಾಗ ಉಳಿದಿಲ್ಲ ಗೌಡ್ರೇ," ಎಂದೆ. ಅವರು ತಮ್ಮದೇ ಚೀಟಿ ತೆಗೆದು ಅದೊಂದೇ ಸಾಲು ಬರೆದು ಕೊಟ್ಟರು.